ನೆಟ್‌ವರ್ಕ್ ಹೋದ ಮೇಲೆ ದಾರಿ ಯಾರಿಗೆ ಗೊತ್ತು?

ಕಳೆದ ಮಳೆಗಾಲದ ಒಂದು ಸಂಜೆ. ಮುಂಬಯಿಯ ಪರೇಲಿನಲ್ಲಿ ಮಾವನ ಕಣ್ಣು ತೋರಿಸಿಕೊಂಡು ಮಾಟುಂಗಕ್ಕೆ ವಾಪಸಾಗುತ್ತಿದ್ದೆವು. ಮಧ್ಯಾಹ್ನದಿಂದ ಒಂದೇ ಸಮನೆ ಮಳೆ. ಟ್ಯಾಕ್ಸಿ ಹುಡುಗನ ಮೊಬೈಲ್ ಮ್ಯಾಪ್ ನೇರ ಹಿಂದ್‌ಮಾತಾ ಕಡೆಗೆ ದಾರಿ ತೋರಿಸುತ್ತಿತ್ತು. ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಬಾಣದ ಗುರುತು ಇದ್ದಲ್ಲೇ ನಿಂತಿತು. ಹುಡುಗನೂ ಗಾಡಿ ಬದಿಗೆ ಹಾಕಿ, ಈಗ ಹೇಗೆ ಹೋಗೋದು ಅಂತ ನಮ್ಮನ್ನೇ ಕೇಳಿದ.

ಮಾವನಿಗೆ ಕಣ್ಣಿಗೆ ಔಷಧಿ ಬಿಟ್ಟಿದ್ದರು. ಎದುರಿಗಿದ್ದದ್ದೆಲ್ಲ ಮಂಜು ಮಂಜು. ಆದರೂ ತಮ್ಮ ಹೋಟೆಲ್ ಹಿಂದಿಯಲ್ಲಿ ಹೇಳಿದರು: "ಹಿಂದ್‌ಮಾತಾ ತಗ್ಗು, ಅಲ್ಲಿ ನೀರು ನಿಂತಿರುತ್ತೆ. ಶಿವಡಿ ಕಡೆ ತಿರುಗಿಸು. ಕಿದ್ವಾಯಿ ರಸ್ತೆ ಹಿಡಿದರೆ ವಡಾಲ, ಅಲ್ಲಿಂದ ಫೈವ್ ಗಾರ್ಡನ್ಸ್." ಅರ್ಧ ಗಂಟೆಯಲ್ಲಿ ಮನೆ ಸೇರಿದೆವು.

ಹುಡುಗನದು ತಪ್ಪಲ್ಲ. ಊರನ್ನು ಕಲಿಯಬೇಕಾದ ಸಂದರ್ಭವೇ ಅವನಿಗೆ ಬಂದಿರಲಿಲ್ಲ. ಹದಿನೈದನೇ ವಯಸ್ಸಿಗೆ ಕುಂದಾಪುರದಿಂದ ಬಂದ ಮಾವ ಹೋಟೆಲಿನ ತರಕಾರಿಗೆ, ಹಾಲಿಗೆ ಸೈಕಲ್ ತುಳಿದು ಈ ಬೀದಿಗಳನ್ನು ಕಲಿತವರು. ಕಲಿತದ್ದು ತಲೆಯೊಳಗೆ ಉಳಿಯಿತು.

ಇದು ಸುಮ್ನೆ ಹೇಳುವ ಮಾತಲ್ಲ. ಲಂಡನ್ನಿನ ಟ್ಯಾಕ್ಸಿ ಚಾಲಕರು ಲೈಸೆನ್ಸ್ ಸಿಗಬೇಕಾದರೆ ಸುಮಾರು 25,000 ಬೀದಿಗಳನ್ನು ನೆನಪಿಟ್ಟುಕೊಳ್ಳಬೇಕು. ಎಲೀನರ್ ಮಗ್ವಾಯರ್ ಮತ್ತು ಸಂಗಡಿಗರು ಅವರ ಮಿದುಳನ್ನು ಸ್ಕ್ಯಾನ್ ಮಾಡಿ 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ದಾರಿಯ ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್ ಎಂಬ ಭಾಗದ ಹಿಂತುದಿ ಇವರಲ್ಲಿ ದೊಡ್ಡದಾಗಿತ್ತು. 2006ರಲ್ಲಿ ಬಸ್ ಚಾಲಕರ ಜೊತೆ ಹೋಲಿಸಿ ನೋಡಿದರು. ದಿನಾ ಅದೇ ರೂಟಿನಲ್ಲಿ ಓಡಿಸುವ ಅವರಲ್ಲಿ ಅದು ಅಷ್ಟು ದೊಡ್ಡದಿರಲಿಲ್ಲ. ಇಬ್ಬರೂ ಇಡೀ ದಿನ ಅದೇ ಊರಲ್ಲಿ ಗಾಡಿ ಓಡಿಸುವವರೇ. ದಾರಿ ಯೋಚಿಸುವ ಕೆಲಸ ಮಾತ್ರ ಒಬ್ಬರಿಗಿತ್ತು, ಇನ್ನೊಬ್ಬರಿಗಿರಲಿಲ್ಲ.

ಬುದ್ಧಿವಂತ ಯಂತ್ರಗಳ ವಿಷಯ ಬಂದಾಗಲೆಲ್ಲ, ಅವು ನಮ್ಮ ಮೇಲೆ ತಿರುಗಿಬಿದ್ದರೆ ಏನು ಗತಿ ಅಂತ ಜನ ಹೆದರುತ್ತಾರೆ. ನನ್ನ ಹೆದರಿಕೆ ಬೇರೆ. ಯಂತ್ರ ಕೈಬಿಟ್ಟ ಗಳಿಗೆಯಲ್ಲಿ ನಮ್ಮ ಕೈಗೇ ಕೆಲಸ ಮರೆತುಹೋಗಿದ್ದರೆ?

2009ರ ಜೂನ್ 1ರಂದು ಆದದ್ದು ಅದೇ. ರಿಯೊದಿಂದ ಪ್ಯಾರಿಸ್‌ಗೆ ಹೊರಟಿದ್ದ ಏರ್ ಫ್ರಾನ್ಸ್ 447 ವಿಮಾನದಲ್ಲಿ 228 ಜನ ಇದ್ದರು. ಅಟ್ಲಾಂಟಿಕ್ ಮೇಲೆ, ಕತ್ತಲಲ್ಲಿ, ವೇಗ ಅಳೆಯುವ ಕೊಳವೆಗಳಿಗೆ ಹಿಮದ ಹರಳು ಕಟ್ಟಿಕೊಂಡಿತು. ವೇಗದ ಲೆಕ್ಕ ತಾಳೆಯಾಗದೆ ಆಟೊಪೈಲಟ್ ತನ್ನಷ್ಟಕ್ಕೆ ಆಫ್ ಆಯಿತು. ವಿಮಾನಕ್ಕೆ ಬೇರೇನೂ ಆಗಿರಲಿಲ್ಲ. ಹಾರುತ್ತಿದ್ದ ಹಾಗೇ ಬಿಟ್ಟಿದ್ದರೂ ಸಾಕಿತ್ತು. ಆದರೆ ಗಾಬರಿಯಲ್ಲಿ ಪೈಲಟ್ ವಿಮಾನದ ಮೂತಿಯನ್ನು ಮೇಲಕ್ಕೆತ್ತಿದರು. ವೇಗ ಇಳಿದು ರೆಕ್ಕೆಗೆ ಗಾಳಿಯ ಆಸರೆ ತಪ್ಪಿತು. ಅಂಥ ಹೊತ್ತಿನಲ್ಲಿ ಮೂತಿ ಕೆಳಗೆ ಮಾಡಬೇಕು ಅಂತ ಪ್ರತಿ ಪೈಲಟ್ ಮೊದಲ ಪಾಠಗಳಲ್ಲೇ ಕಲಿತಿರುತ್ತಾನೆ. ಎಚ್ಚರಿಕೆಯ ಸದ್ದು ಮತ್ತೆ ಮತ್ತೆ ಕೂಗಿತು. ಸುಮಾರು ಒಂದು ನಿಮಿಷದಲ್ಲಿ ಕೊಳವೆಗಳೂ ಸರಿಯಾದವು. ಆದರೂ ನಾಲ್ಕೂವರೆ ನಿಮಿಷದೊಳಗೆ ವಿಮಾನ ಸಮುದ್ರಕ್ಕೆ ಬಿತ್ತು. ಒಬ್ಬರೂ ಉಳಿಯಲಿಲ್ಲ. ಅಷ್ಟು ಎತ್ತರದಲ್ಲಿ ಕೈಯಾರೆ ಹಾರಿಸುವ ತರಬೇತಿ ಆ ಪೈಲಟ್‌ಗಳಿಗೆ ಸಿಕ್ಕಿರಲಿಲ್ಲ ಎಂದು ತನಿಖೆ ಹೇಳಿತು.

ಇಂಥದ್ದರ ಬಗ್ಗೆ ಲಿಸಾನ್ ಬೇನ್‌ಬ್ರಿಜ್ ಎಂಬ ಮನಶ್ಶಾಸ್ತ್ರಜ್ಞೆ 1983ರಲ್ಲೇ ಬರೆದಿದ್ದರು. ಸುಲಭದ ಕೆಲಸವನ್ನೆಲ್ಲ ಯಂತ್ರ ಮಾಡುತ್ತದೆ, ಅದರ ಕೈಲಾಗದ ಕಷ್ಟದ ಗಳಿಗೆ ಮಾತ್ರ ಮನುಷ್ಯನ ಪಾಲಿಗೆ ಬರುತ್ತದೆ. ಅಷ್ಟು ಹೊತ್ತಿಗೆ ಅವನಿಗೆ ಅಭ್ಯಾಸ ತಪ್ಪಿರುತ್ತದೆ. ಯಂತ್ರ ಒಳ್ಳೆಯದಾದಷ್ಟೂ ಈ ಅಪಾಯ ಜಾಸ್ತಿ, ಅಲ್ವಾ? ದಿನಾ ಕೈಕೊಡುವ ಯಂತ್ರವನ್ನು ಯಾರೂ ಪೂರ್ತಿ ನಂಬುವುದಿಲ್ಲ.

ಈಗ ಇದು ಡಾಕ್ಟರರವರೆಗೂ ಬಂದಿದೆ. ಪೋಲೆಂಡಿನ ನಾಲ್ಕು ಕೇಂದ್ರಗಳ ಅಧ್ಯಯನವೊಂದು 2025ರಲ್ಲಿ ಪ್ರಕಟವಾಯಿತು. ದೊಡ್ಡ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವಾಗ, ಮುಂದೆ ಕ್ಯಾನ್ಸರ್ ಆಗಬಹುದಾದ ಗಂಟುಗಳನ್ನು ಅಲ್ಲಿ ಕೃತಕ ಬುದ್ಧಿಮತ್ತೆ ಗುರುತಿಸಿ ತೋರಿಸುತ್ತಿತ್ತು. ಅದಕ್ಕೆ ಒಗ್ಗಿದ ಡಾಕ್ಟರರು ಅದಿಲ್ಲದೆ ಮಾಡಿದ ಪರೀಕ್ಷೆಗಳನ್ನು ಸಂಶೋಧಕರು ಲೆಕ್ಕ ಹಾಕಿದರು. ಅದು ಬರುವ ಮೊದಲು ನೂರಕ್ಕೆ 28.4 ಪರೀಕ್ಷೆಗಳಲ್ಲಿ ಗಂಟು ಸಿಗುತ್ತಿತ್ತು. ಆಮೇಲೆ 22.4ಕ್ಕೆ ಇಳಿಯಿತು. ಎಲ್ಲರೂ ಎರಡು ಸಾವಿರಕ್ಕಿಂತ ಜಾಸ್ತಿ ಇಂಥ ಪರೀಕ್ಷೆ ಮಾಡಿದ ಅನುಭವಿಗಳು. ಒಂದೇ ಅಧ್ಯಯನ ನೋಡಿ ತೀರ್ಪು ಕೊಡಬಾರದು, ನಿಜ. ಆದರೂ ಕೆಲವೇ ತಿಂಗಳಲ್ಲಿ ಇಷ್ಟು ಇಳಿದದ್ದನ್ನು ಓದಿ ನನಗೆ ಭಯವಾಯಿತು.

ಯಂತ್ರ ಬಿಟ್ಟುಬಿಡಿ ಅಂತ ನಾನು ಹೇಳಲಾರೆ. ಆಟೊಪೈಲಟ್ ಎಷ್ಟೋ ಜೀವ ಉಳಿಸಿದೆ. 2013ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ ವಿಮಾನ ಕಂಪನಿಗಳಿಗೆ ಹೇಳಿದ್ದು ಇಷ್ಟೇ: ಸೂಕ್ತ ಸಂದರ್ಭ ಸಿಕ್ಕಾಗ ಪೈಲಟ್‌ಗಳು ಕೈಯಾರೆ ಹಾರಿಸಲಿ, ರೂಢಿ ತಪ್ಪದಿರಲಿ.

ಮಾವ ಗಲ್ಲೆಯಲ್ಲಿ ಮಾಡುತ್ತಿದ್ದದ್ದೂ ಇದನ್ನೇ. ಹೋಟೆಲಿಗೆ ಬಿಲ್ ಮಷಿನ್ ಬಂದ ಮೇಲೂ ಎರಡು ಇಡ್ಲಿ, ಒಂದು ಮಸಾಲೆ, ಮೂರು ಕಾಫಿ ಅಂತ ಬಾಯಲ್ಲೇ ಕೂಡಿಸಿ ಮೊತ್ತ ಹೇಳುತ್ತಿದ್ದರು. ಚೀಟಿ ನೋಡುತ್ತಿದ್ದದ್ದು ಆಮೇಲೆ. ಒಂದು ಸಲ ಚೀಟಿಯಲ್ಲಿ ಮೂರು ಕಾಫಿ ಮೂವತ್ತಾಗಿ ಬಂದದ್ದು, ಅವರು ತಿರುಗಿ ನೋಡಿದ್ದರಿಂದ ಸಿಕ್ಕಿಬಿತ್ತು.

ಮನೆಯಲ್ಲಿ ಈಗ ಮಗಳಿಗೂ ಅದೇ ಕ್ರಮ. ಲೆಕ್ಕವೋ, ಪ್ರಬಂಧವೋ, ಮೊದಲು ತನ್ನದು ಬರೆಯಬೇಕು. ಫೋನನ್ನು ಕೇಳುವುದು ಆಮೇಲೆ. ಮೊನ್ನೆ ಭಾನುವಾರ ಬೆಳಗ್ಗೆ ದಾದರ್ ಹೂವಿನ ಮಾರ್ಕೆಟಿಗೆ ನಡೆದು ಹೊರಟೆವು. ಫೋನ್ ನನ್ನ ಚೀಲದಲ್ಲಿತ್ತು, ದಾರಿ ಅವಳದು. ಎರಡು ಕಡೆ ತಪ್ಪಿದಳು. ನಾನು ಸುಮ್ನೆ ಹಿಂದೆ ನಡೆದೆ. ತಿಲಕ್ ಸೇತುವೆ ಕಂಡ ಕೂಡಲೇ, "ಇಲ್ಲಿಂದ ಆಚೆ ದಾಟಬೇಕು, ಅಲ್ವಾ ಅಮ್ಮ?" ಅಂತ ತಿರುಗಿ ನೋಡಿದಳು.