ಒಂದೇ ಹಾಪ್ಸ್ ತಳಿಯ ಪೇಲ್ ಏಲ್: ತೂಗುವ ಮೊದಲು ಪೊಟ್ಟಣದ ಮೇಲಿನ ಅಂಕಿ ಓದಿ

ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವ ಹವ್ಯಾಸಿ ಮಿತ್ರರೊಬ್ಬರು ಕಳೆದ ಚಳಿಗಾಲದಲ್ಲಿ ತಿಳಿಬಣ್ಣದ ಬಿಯರಾದ ಪೇಲ್ ಏಲ್‌ನ ಎರಡು ಬಾಟಲಿಗಳನ್ನು ನನ್ನ ಮುಂದಿಟ್ಟು, ಒಂದರಲ್ಲಿ ಕ್ಯಾಸ್ಕೇಡ್ ತಳಿಯ ಹಾಪ್ಸ್ (ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಬಳ್ಳಿಯ ಹೂವು), ಇನ್ನೊಂದರಲ್ಲಿ ಸಿಟ್ರಾ ತಳಿ, ಉಳಿದುದೆಲ್ಲ ಒಂದೇ ಎಂದರು. ಮೊದಲನೆಯದು ಹಿತವಾಗಿತ್ತು. ಎರಡನೆಯದರ ಕಹಿ ನಾಲಿಗೆಯ ಬುಡದಲ್ಲಿ ಬಹಳ ಹೊತ್ತು ಉಳಿಯಿತು. ಸಿಟ್ರಾ ಒರಟು ತಳಿ ಎಂದು ಅವರು ಆಗಲೇ ತೀರ್ಮಾನಿಸಿದ್ದರು. ಅವರ ಟಿಪ್ಪಣಿ ಪುಸ್ತಕವನ್ನು ತೆರೆದು ನೋಡಿದರೆ ಎರಡಕ್ಕೂ ಮಾಲ್ಟ್ (ಮೊಳಕೆ ಬರಿಸಿದ ಬಾರ್ಲಿ) ನೆನೆಸಿ ತೆಗೆದ ರಸದ ಕುದಿಯ ಆರಂಭದಲ್ಲಿ ಸಮನಾಗಿ 30 ಗ್ರಾಂ ಹಾಕಿದ್ದರು. ಬ್ರೂವರಿಯಲ್ಲಿ ದಿನವೂ ಹಾಪ್ಸ್ ತೂಗುವ ನನಗೆ, ಒಂದೇ ತಳಿಯ ಬಿಯರ್ ಮಾಡಹೊರಟವರಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ.

ಹಾಪ್ಸ್ ಹೂವಿನ ಎಸಳುಗಳ ಬುಡದಲ್ಲಿ ಲುಪುಲಿನ್ ಎಂಬ ಹಳದಿ ಪುಡಿಯಿರುತ್ತದೆ. ಕಹಿಗೆ ಮೂಲವಾದ ಆಲ್ಫಾ ಆಮ್ಲಗಳೂ ಪರಿಮಳದ ತೈಲಗಳೂ ಇರುವುದು ಅದರಲ್ಲಿಯೇ. ಆಲ್ಫಾ ಆಮ್ಲವು ಹಾಗೆಯೇ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ. ದೀರ್ಘಕಾಲ ಕುದಿದಾಗ ಅದರ ಅಣುವಿನ ರಚನೆ ಬದಲಾಗಿ ಐಸೋ ಆಲ್ಫಾ ಆಮ್ಲವಾಗುತ್ತದೆ, ನಮಗೆ ಕಹಿಯಾಗಿ ತಿಳಿಯುವುದು ಮುಖ್ಯವಾಗಿ ಅದು. ಕ್ಯಾಸ್ಕೇಡಿನಲ್ಲಿ ಈ ಆಮ್ಲ ಸಾಮಾನ್ಯವಾಗಿ ಶೇ. 5ರಿಂದ 7ರಷ್ಟಿದ್ದರೆ ಸಿಟ್ರಾದಲ್ಲಿ ಅದರ ಎರಡರಷ್ಟಿರುತ್ತದೆ. ಬೆಳೆಯಿಂದ ಬೆಳೆಗೆ ವ್ಯತ್ಯಾಸವಾಗುವುದರಿಂದ ಪೊಟ್ಟಣದ ಮೇಲೆ ಆಯಾ ವರ್ಷದ ಅಂಕಿಯನ್ನು ಮುದ್ರಿಸಿರುತ್ತಾರೆ.

20 ಲೀಟರ್ ಬಿಯರಿಗೆ, ಹುದುಗುವ ಮುಂಚಿನ ರಸದ ಸಾಂದ್ರತೆ (ನೀರಿನದು 1.000) 1.050 ಇದ್ದಾಗ, ಒಂದು ಗಂಟೆ ಕುದಿದ ಹಾಪ್ಸಿನ ಆಲ್ಫಾ ಆಮ್ಲದಲ್ಲಿ ಸುಮಾರು ಶೇ. 23ರಷ್ಟು ಮಾತ್ರ ಕಹಿಯಾಗಿ ಒದಗುತ್ತದೆ ಎಂಬುದು ಬಳಕೆಯಲ್ಲಿರುವ ಲೆಕ್ಕ. ಶೇ. 6ರ ಕ್ಯಾಸ್ಕೇಡ್ 30 ಗ್ರಾಂ ಹಾಕಿದರೆ ಲೀಟರಿಗೆ 90 ಮಿಲಿಗ್ರಾಂ ಆಲ್ಫಾ ಆಮ್ಲ, ಅದರಿಂದ ಸುಮಾರು 21 ಐಬಿಯು (ಬಿಯರಿನ ಕಹಿ ಅಳೆಯುವ ಮಾನ) ಕಹಿ. ಶೇ. 12ರ ಸಿಟ್ರಾ ಅಷ್ಟೇ ತೂಕಕ್ಕೆ 42 ಐಬಿಯು ಕೊಡುತ್ತದೆ. ಹಾಗಾದರೆ ಸಿಟ್ರಾವನ್ನು 15 ಗ್ರಾಮಿಗೆ ಇಳಿಸಿದರೆ ಸಾಕಲ್ಲವೇ ಎಂದು ಮಿತ್ರರು ಕೇಳಿದರು. ಸಾಲದು. ಪರಿಮಳವನ್ನು ಹೋಲಿಸಬೇಕಾದರೆ ಕುದಿಯ ಕೊನೆಯಲ್ಲಿ ಪರಿಮಳಕ್ಕಾಗಿ ಹಾಕುವ ಹಾಪ್ಸಿನ (ಅದರ ಅಳತೆ ಮುಂದಿದೆ) ತೂಕ ಎರಡರಲ್ಲೂ ಒಂದೇ ಇರಬೇಕು, ಆ ಕೊನೆಯ ಹಾಪ್ಸೂ ಒಂದಿಷ್ಟು ಕಹಿ ಬಿಡುತ್ತದೆ, ಸಿಟ್ರಾ ಅಲ್ಲಿಯೂ ಇಮ್ಮಡಿ ಬಿಡುತ್ತದೆ. ಅದನ್ನೆಲ್ಲ ಕಳೆದು ನೋಡಿದರೆ ಕುದಿಯ ಆರಂಭಕ್ಕೆ ಉಳಿಯುವುದು ಬರೀ 7 ಗ್ರಾಂ.

ಮೊದಲ ಸಲ ಮಾಡುವವರಿಗೆ ನಾನು ಕ್ಯಾಸ್ಕೇಡನ್ನೇ ಹೇಳುತ್ತೇನೆ. ಒರೆಗಾನಿನ ಕೊರ್ವಾಲಿಸ್‌ನಲ್ಲಿ ಅಮೆರಿಕ ಕೃಷಿ ಇಲಾಖೆಯ ತಳಿ ಅಭಿವೃದ್ಧಿ ಕಾರ್ಯಕ್ರಮದಲ್ಲಿ ರೂಪುಗೊಂಡು 1972ರಲ್ಲಿ ಬಿಡುಗಡೆಯಾದ ಈ ತಳಿಯ ವಂಶದಲ್ಲಿ ಇಂಗ್ಲೆಂಡಿನ ಫಗಲ್ ಇದೆ, ರಷ್ಯಾದ ಸೆರೆಬ್ರಿಯಾಂಕಾ ಇದೆ. 1975ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಆಂಕರ್ ಬ್ರೂವರಿ ಲಿಬರ್ಟಿ ಏಲ್‌ನಲ್ಲಿಯೂ, 1980ರಿಂದ ಚಿಕೋ ಊರಿನ ಸಿಯೆರಾ ನೆವಾಡ ತನ್ನ ಪೇಲ್ ಏಲ್‌ನಲ್ಲಿಯೂ ಬಳಸಿದ ಮೇಲೆ, ಚಕ್ಕೋತದ ಸಿಪ್ಪೆಯನ್ನು ನೆನಪಿಸುವ ಅದರ ಪರಿಮಳವೇ ಅಮೆರಿಕನ್ ಪೇಲ್ ಏಲ್‌ನ ಗುರುತಾಯಿತು. ಕಹಿಯೂ ಪರಿಮಳವೂ ಹದವಾಗಿರುವುದರಿಂದ ಅಳತೆಯಲ್ಲಿ ತುಸು ಹೆಚ್ಚುಕಡಿಮೆಯಾದರೂ ಬಿಯರ್ ಕೆಡುವುದಿಲ್ಲ.

ಮಾಲ್ಟ್ ಇಲ್ಲಿ ಹಿಂದೆ ನಿಲ್ಲಬೇಕು. 4.2 ಕಿಲೋ ಪೇಲ್ ಮಾಲ್ಟ್, 200 ಗ್ರಾಂ ತಿಳಿ ಕ್ರಿಸ್ಟಲ್ ಮಾಲ್ಟ್ ಸಾಕು. ಮೊಳಕೆ ರಾಗಿಯ ಹಿಟ್ಟಿನ ಗಂಜಿ ಸಾದಾ ರಾಗಿ ಗಂಜಿಗಿಂತ ತೆಳ್ಳಗಾಗುವುದನ್ನು ನಮ್ಮ ಅಡುಗೆಮನೆಗಳಲ್ಲಿ ಕಂಡಿದ್ದೇವೆ. ಮೊಳಕೆಯಲ್ಲಿ ಹುಟ್ಟಿದ ಕಿಣ್ವಗಳು ಪಿಷ್ಟವನ್ನು ಒಡೆಯುವುದೇ ಅದಕ್ಕೆ ಕಾರಣ. ಬಾರ್ಲಿ ಮಾಲ್ಟನ್ನು 66 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಂದು ಗಂಟೆ ನೆನೆಯಿಟ್ಟಾಗ ನಡೆಯುವುದೂ ಅದೇ ಕೆಲಸ. ನೀರಿನ ವಿಷಯದಲ್ಲಿ ಪೋರ್ಟ್‌ಲ್ಯಾಂಡಿನವರು ಎರಡನ್ನು ಮರೆಯಬಾರದು. ಬುಲ್ ರನ್ ಜಲಾನಯನದ ನೀರು ಬಹಳ ಮೆದುವಾದುದರಿಂದ ಸುಮಾರು 28 ಲೀಟರಿಗೆ 5 ಗ್ರಾಂ ಜಿಪ್ಸಮ್ (ಕ್ಯಾಲ್ಸಿಯಂ ಸಲ್ಫೇಟ್ ಲವಣ) ಸೇರಿಸಿದರೆ ಹಾಪ್ಸಿನ ಕಹಿ ಸ್ಪಷ್ಟವಾಗುತ್ತದೆ. ಆ ನೀರಿನಲ್ಲಿರುವ, ರೋಗಾಣು ನಾಶಕ್ಕೆ ಬೆರೆಸುವ ಕ್ಲೋರಮೈನ್ ಕುದಿಸಿದರೆ ಸುಲಭವಾಗಿ ಹೋಗುವುದಿಲ್ಲವಾದ್ದರಿಂದ ಅದನ್ನು ತೆಗೆಯುವ ಕ್ಯಾಂಪ್‌ಡೆನ್ ಎಂಬ ಸಲ್ಫೈಟ್ ಮಾತ್ರೆಯಲ್ಲಿ ಅರ್ಧ ಹಾಕಬೇಕು. ಇಲ್ಲವಾದರೆ ಬಿಯರಿಗೆ ಔಷಧದ ವಾಸನೆ ಅಂಟಿಕೊಳ್ಳುತ್ತದೆ.

ಸಾರಿಗೆ ಕೊತ್ತಂಬರಿ ಸೊಪ್ಪನ್ನು ಒಲೆಯಿಂದ ಇಳಿಸುವಾಗ ಹಾಕುವುದೇಕೆ ಎಂಬುದನ್ನು ಬಲ್ಲವರಿಗೆ ಮುಂದಿನದು ಹೊಸದಲ್ಲ. ಹಾಪ್ಸಿನ ಮಿರ್ಸೀನ್ ತೈಲ ಕುದಿಯುವ ಹಬೆಯೊಡನೆ ಬೇಗ ಹಾರಿಹೋಗುತ್ತದೆ. ಹೀಗಾಗಿ ಕ್ಯಾಸ್ಕೇಡಿನ 30 ಗ್ರಾಮನ್ನು ಕುದಿ ಮುಗಿಯಲು 10 ನಿಮಿಷ ಇರುವಾಗಲೂ, 40 ಗ್ರಾಮನ್ನು ಒಲೆ ಆರಿಸಿ ಬಿಸಿ 80 ಡಿಗ್ರಿಗೆ ಇಳಿದ ಮೇಲೂ ಹಾಕಿ, 20 ನಿಮಿಷ ಹಾಗೆಯೇ ಬಿಡುತ್ತೇನೆ. ಆ ಶಾಖದಲ್ಲಿ ಕಹಿ ಹುಟ್ಟುವುದು ನಿಧಾನ, ಪರಿಮಳ ಉಳಿಯುವುದು ಹೆಚ್ಚು. ಆರಂಭದ 30 ಗ್ರಾಂ ಸೇರಿ ಒಟ್ಟು ಸುಮಾರು 33 ಐಬಿಯು ಆಗುತ್ತದೆ.

ತಣಿಸಿದ ಮೇಲೆ ತಟಸ್ಥ ಗುಣದ ಅಮೆರಿಕನ್ ಏಲ್ ಯೀಸ್ಟ್ ಒಂದು ಪೊಟ್ಟಣ ಬೆರೆಸಿ 18ರಿಂದ 20 ಡಿಗ್ರಿಯಲ್ಲಿಟ್ಟರೆ ಸಾಂದ್ರತೆ 1.010ರ ಆಸುಪಾಸಿಗೆ ಇಳಿದು ಶೇ. 5ಕ್ಕಿಂತ ತುಸು ಹೆಚ್ಚು ಮದ್ಯಾಂಶ ಬರುತ್ತದೆ. ಆಗ 60 ಗ್ರಾಂ ಹಾಪ್ಸನ್ನು ಮೂರು ದಿನ ನೇರವಾಗಿ ಬಿಯರಿನಲ್ಲೇ ನೆನೆಸಬೇಕು. ಇಲ್ಲಿ ಅವಸರ ಅಪಾಯಕಾರಿ. ಹಾಪ್ಸಿನಲ್ಲಿಯೂ ಅಲ್ಪ ಪ್ರಮಾಣದ ಕಿಣ್ವಗಳಿದ್ದು, ಯೀಸ್ಟ್ ಹುದುಗಿಸಲಾರದೆ ಬಿಟ್ಟ ಡೆಕ್ಸ್‌ಟ್ರಿನ್‌ಗಳೆಂಬ ಪಿಷ್ಟದ ತುಣುಕುಗಳನ್ನು ಅವು ಮತ್ತೆ ಸಕ್ಕರೆಯಾಗಿ ಒಡೆಯುವುದರಿಂದ ಹುದುಗು ಪುನಃ ಶುರುವಾಗುತ್ತದೆ. ಅದು ಬಾಟಲಿಯೊಳಗೆ ನಡೆದರೆ ಬಾಟಲಿ ಸಿಡಿಯಬಹುದು. ಹಾಪ್ಸ್ ಹಾಕಿದ ನಂತರವೂ ಸಾಂದ್ರತೆ ಕೆಲವು ದಿನ ಒಂದೇ ಅಂಕಿಯಲ್ಲಿ ನಿಂತದ್ದನ್ನು ಅಳೆದು ನೋಡಿಯೇ, ಲೀಟರಿಗೆ 6 ಗ್ರಾಂ ಸಕ್ಕರೆ ಬೆರೆಸಿ ಬಾಟಲಿಗೆ ತುಂಬಿ.

ಅಮೆರಿಕದಲ್ಲಿ 1978ರ ಒಕ್ಕೂಟ ಕಾನೂನು ವಯಸ್ಕರಿಬ್ಬರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್‌ವರೆಗೆ ಸ್ವಂತ ಬಳಕೆಗಾಗಿ ಬಿಯರ್ ತಯಾರಿಸಲು ಅವಕಾಶ ಕೊಟ್ಟಿದೆ, ಮಾರುವಂತಿಲ್ಲ. ಕರ್ನಾಟಕದಲ್ಲಿ ಪರವಾನಗಿಯಿಲ್ಲದೆ ತಯಾರಿಸುವುದು ಅಬಕಾರಿ ಕಾಯ್ದೆಯಡಿ ಅಪರಾಧವಾದ್ದರಿಂದ ಅಲ್ಲಿನ ಓದುಗರು ಈ ಅಳತೆಗಳನ್ನು ತಿಳಿವಳಿಕೆಗಷ್ಟೇ ಇಟ್ಟುಕೊಳ್ಳಬೇಕು.

ಮಿತ್ರರು ಸಿಟ್ರಾವನ್ನು 7 ಗ್ರಾಂ ಲೆಕ್ಕದಲ್ಲಿ ಮತ್ತೆ ಮಾಡಿ, ಮೂರು ವಾರದ ನಂತರ ತಂದುಕೊಟ್ಟರು. ಮೊದಲ ಸಲ ಕಹಿಯಡಿ ಮುಚ್ಚಿಹೋಗಿದ್ದ ನಿಂಬೆ ಮತ್ತು ಮಾಗಿದ ಹಣ್ಣಿನ ಪರಿಮಳ ಈ ಸಲ ಬಾಟಲಿಯ ಮುಚ್ಚಳ ತೆಗೆಯುತ್ತಲೇ ಬಂತು. ಉಳಿದ ಹಾಪ್ಸನ್ನು ಗಾಳಿಯಾಡದಂತೆ ಕಟ್ಟಿ ಫ್ರೀಜರಿನಲ್ಲಿಡುವಾಗ ಬೆಳೆಯ ವರ್ಷವನ್ನೂ ಆಲ್ಫಾ ಅಂಕಿಯನ್ನೂ ಅವರು ಈಗ ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ಬರೆದಿಡುತ್ತಾರೆ.