ಪೈಪ್ ಕೊರೆಯದೆ ಹರಿವು ಅಳೆಯುವ ಗಾಜಿನ ಎಳೆ

ಆಪ್ಟಿಕಲ್ ಫೈಬರ್ ಅಂದರೆ ಬೆಳಕನ್ನು ಸಾಗಿಸುವ ಗಾಜಿನ ಎಳೆ. ಪೈಪಿನೊಳಗಿನ ಹರಿವು ಅದಕ್ಕೆ ನೇರವಾಗಿ ತಿಳಿಯುವುದಿಲ್ಲ. ತಾನು ಎಷ್ಟು ಹಿಗ್ಗಿದೆ, ಎಷ್ಟು ಬಿಸಿಯಾಗಿದೆ ಅನ್ನುವುದಷ್ಟೇ ಅದಕ್ಕೆ ಗೊತ್ತು. ಅದರಿಂದ ವೇಗ ಲೆಕ್ಕ ಹಾಕುವುದು ನಮ್ಮ ಕೆಲಸ. ಇದು ತಲೆಯಲ್ಲಿದ್ದರೆ ಅರ್ಧ ತಪ್ಪುಗಳು ಆಗುವುದೇ ಇಲ್ಲ.

ನನಗೆ ಜಾಸ್ತಿ ಇಷ್ಟವಾದ ವಿಧಾನ ಸುಳಿಗಳದ್ದು. ಪೈಪಿನ ಹೊರಮೈಗೆ ಫೈಬರನ್ನು ಬಿಗಿಯಾಗಿ ಸುತ್ತಿ, ಸಮ ಅಂತರದಲ್ಲಿ ಹಲವು ಕಾಯಿಲ್‌ಗಳನ್ನು ಮಾಡುತ್ತೇವೆ. ಒಳಗೆ ನೀರು ಸುಮ್ನೆ ಜಾರಿಕೊಂಡು ಹೋಗುವುದಿಲ್ಲ, ಸುಳಿಗಳನ್ನು ಹೊತ್ತುಕೊಂಡೇ ಸಾಗುತ್ತದೆ. ಸುಳಿ ಹಾದುಹೋದಾಗ ಪೈಪಿನ ಗೋಡೆಯ ಮೇಲಿನ ಒತ್ತಡ ತುಸು ಏರಿಳಿಯುತ್ತದೆ. ಪೈಪ್ ಕಣ್ಣಿಗೆ ಕಾಣದಷ್ಟು ಹಿಗ್ಗಿ ಕುಗ್ಗುತ್ತದೆ, ಜೊತೆಗೆ ಫೈಬರ್ ಕೂಡ. ಫೈಬರ್‌ನೊಳಗೆ ಹಾಯುವ ಲೇಸರ್ ಬೆಳಕಿನಲ್ಲಿ ಆ ಬದಲಾವಣೆ ಸಿಗುತ್ತದೆ. ಒಂದು ಕಾಯಿಲ್‌ನಲ್ಲಿ ಕಂಡ ಏರಿಳಿತ 10 ಸೆಂ.ಮೀ. ಮುಂದಿನ ಕಾಯಿಲ್‌ನಲ್ಲಿ 0.05 ಸೆಕೆಂಡ್ ತಡವಾಗಿ ಕಂಡರೆ, ವೇಗ ಸೆಕೆಂಡಿಗೆ 2 ಮೀಟರ್. ಸುಳಿಗಳು ಬೇಗ ಚದುರಿ ಹೋಗುತ್ತವೆ. ಅದಕ್ಕೇ ಕಾಯಿಲ್‌ಗಳು ಹತ್ತಿರ ಹತ್ತಿರ ಇರಬೇಕು.

ಇದೇ ಕಾಯಿಲ್‌ಗಳು ಪೈಪಿನೊಳಗಿನ ಶಬ್ದವನ್ನೂ ಕೇಳುತ್ತವೆ. ಶಬ್ದದ ವೇಗ ನೀರಿನಲ್ಲಿ ಸೆಕೆಂಡಿಗೆ ಸುಮಾರು 1,480 ಮೀಟರ್. ವಾತಾವರಣದ ಒತ್ತಡದಲ್ಲಿ ನೂರಕ್ಕೆ 1 ಪಾಲು ಗಾಳಿಗುಳ್ಳೆ ಬೆರೆತರೂ ಅದು 120 ಮೀಟರ್ ಆಸುಪಾಸಿಗೆ ಇಳಿಯುತ್ತದೆ. ಎಣ್ಣೆಬಾವಿಯವರಿಗೆ ಈ ಸುಳಿವು ಬಹಳ ಮುಖ್ಯ. ಹರಿವಿನ ಜೊತೆ ಏನೇನು ಬೆರೆತು ಬರುತ್ತಿದೆ ಅನ್ನುವುದೂ ತಿಳಿಯುತ್ತದಲ್ವಾ! ಬಾವಿಯ ಆಳದ ಬಿಸಿಯಲ್ಲಿ ಎಲೆಕ್ಟ್ರಾನಿಕ್ಸ್ ಬೇಗ ಕೆಡುತ್ತದೆ. ಫೈಬರ್ ಇದ್ದರೆ ಕೆಳಗೆ ಗಾಜಿನ ಎಳೆ ಮಾತ್ರ ಇರುತ್ತದೆ, ಸೂಕ್ಷ್ಮ ಯಂತ್ರಗಳೆಲ್ಲ ಮೇಲೆ ಉಳಿಯುತ್ತವೆ.

ಎಲ್ಲ ಕಡೆಯೂ ಇದು ನಡೆಯುವುದಿಲ್ಲ. ದಪ್ಪ ಎಣ್ಣೆ ನಿಧಾನವಾಗಿ ಹರಿದರೆ ಸುಳಿಗಳೇ ಏಳುವುದಿಲ್ಲ, ಆಗ ಈ ವಿಧಾನ ಕೈಕೊಡುತ್ತದೆ. ಗೋಡೆ ದಪ್ಪವಾದಷ್ಟೂ ಸಂಕೇತ ಕ್ಷೀಣ. ಹತ್ತಿರದ ಪಂಪಿನ ನಡುಕವೂ ಬೆರೆಯುತ್ತದೆ. ಸುತ್ತು ಸಡಿಲವಾಗಿದ್ದರಂತೂ ಯಾವ ಸಾಫ್ಟ್‌ವೇರ್ ಕೂಡ ಕಾಪಾಡಲಾರದು. ಅಂಟಿಸುವ ಕೆಲಸಕ್ಕೆ ಸಮಯ ಕೊಡಿ. ಆಮೇಲೆ ಗೊತ್ತಿರುವ ಹರಿವು ಬಿಟ್ಟು ತಾಳೆ ನೋಡಿ.

ಪೈಪ್‌ಲೈನ್ ಪಕ್ಕದ ಮಣ್ಣಿನಲ್ಲಿ ಈಗಾಗಲೇ ಇರುವ ಫೈಬರ್ ಕೇಬಲ್‌ನಿಂದಲೇ ಹರಿವು ಅಳೆಯಬಹುದೇ ಅಂತ ಕೇಳುವವರಿದ್ದಾರೆ. ಆ ಕೇಬಲ್ ಜೆಸಿಬಿ ಅಗೆಯುವ ಸದ್ದನ್ನು ಚೆನ್ನಾಗಿ ಹಿಡಿಯುತ್ತದೆ, ಜೋರಾದ ಸೋರಿಕೆಯನ್ನೂ ಹಿಡಿಯಬಲ್ಲದು. ಸುಳಿಗಳ ಪಿಸುಮಾತು ಮಣ್ಣು ದಾಟಿ ಅಲ್ಲಿಗೆ ಮುಟ್ಟುವುದಿಲ್ಲ. ಕುಡಿಯುವ ನೀರಿಗೆ ಬಿಲ್ ಹಾಕುವ ಲೆಕ್ಕ ಬೇಕಿದ್ದರೆ ಕಾಂತಕ್ಷೇತ್ರದ ನೆರವಿನಿಂದ ಹರಿವು ಅಳೆಯುವ ಎಲೆಕ್ಟ್ರೋಮ್ಯಾಗ್ನೆಟಿಕ್ ಮೀಟರನ್ನೇ ಕೂರಿಸಿ ಅನ್ನುತ್ತೇನೆ.