ಬಿಲ್ ನಿಮ್ಮದು, ಫೈಲ್ ಅವರದು

ನಮ್ಮ ರೆಕಾರ್ಡ್ ವಿಭಾಗದ ಕಿಟಕಿಗೆ ವಾರಕ್ಕೊಬ್ಬರಾದರೂ ಹೀಗೆ ಬಂದು ನಿಲ್ಲುತ್ತಾರೆ. ಕೈಯಲ್ಲಿ ಹಣ ಕಟ್ಟಿದ ರಸೀದಿ. "ಬಿಲ್ ಕಟ್ಟಿದ್ದು ನಾನು ಸಾರ್. ಫೈಲಿನ ಒಂದು ಝೆರಾಕ್ಸ್ ಕೊಡ್ಲಿಕ್ಕೆ ನಿಮಗೆ ಎಂತ ಕಷ್ಟ?"

ಮಂಗಳೂರಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ರೋಗಿಗಳ ಕಡತ ಕಾಯುವ ಕೆಲಸ ನನ್ನದು. ಈ ಮಾತು ಕೇಳಿದಾಗ ಈಗಲೂ ಸಿಟ್ಟು ಬರುತ್ತದೆ. ಆದರೆ ಎದುರಿಗೆ ನಿಂತವರನ್ನು ನೋಡಿದರೆ ಆ ಸಿಟ್ಟು ಇಳಿಯುತ್ತದೆ. ನಡುರಾತ್ರಿ ಕಾಸರಗೋಡಿನಿಂದ ಆಂಬುಲೆನ್ಸಿನಲ್ಲಿ ಜೊತೆಗೆ ಬಂದವರು ಅವರೇ. ಸೊಸೈಟಿಯಲ್ಲಿ ಚಿನ್ನ ಅಡವಿಟ್ಟು ಅಡ್ವಾನ್ಸ್ ತುಂಬಿದವರು, ವಾರವಿಡೀ ಐಸಿಯು ಹೊರಗಿನ ಕುರ್ಚಿಯಲ್ಲೇ ನಿದ್ದೆ ಮಾಡಿದವರು. "ನಿಮಗೆ ಹಕ್ಕಿಲ್ಲ" ಎಂದು ಅಂಥವರ ಮುಖಕ್ಕೆ ಹೇಳುವುದು ಸುಲಭವಲ್ಲ.

ಹೇಳಲೇಬೇಕು. ಬಿಲ್ ಕಟ್ಟಿದವರಿಗೆ ಸಿಗಬೇಕಾದದ್ದು ಬಿಲ್ಲು ಮತ್ತು ರಸೀದಿ. ಕಾಯಿಲೆ ಏನು, ರಕ್ತದಲ್ಲಿ ಏನು ಕಂಡಿತು, ಹಿಂದೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದರು ಎಂಬ ಮಾಹಿತಿಯೆಲ್ಲ ಹಾಸಿಗೆಯಲ್ಲಿ ಮಲಗಿದ್ದವರದು. ಅವರಿಗೆ ಹದಿನೆಂಟು ತುಂಬಿದ್ದರೆ, ಪ್ರಜ್ಞೆ ಇದ್ದರೆ, ಕೊಡಬೇಕೆಂದು ಅವರೇ ಹೇಳಬೇಕು. ದಾಖಲಾತಿ ಫಾರಂನಲ್ಲಿ ಜೊತೆಗಿರುವವರು ಎಂದು ನೀವು ಸಹಿ ಹಾಕಿರಬಹುದು, ಅದು ಫೈಲಿಗೆ ಅನುಮತಿಯಲ್ಲ. ಆಪರೇಷನ್ ಕಾಗದಕ್ಕೆ ಸಾಕ್ಷಿ ಹಾಕಿರಬಹುದು, ಅದೂ ಅಲ್ಲ. ವಿಮೆಯ ಕ್ಲೇಮ್ ಅರ್ಜಿಯಲ್ಲಿ ರೋಗಿ ಕೊಡುವ ಒಪ್ಪಿಗೆ ಆ ಕಂಪನಿಗೆ, ಆ ಕ್ಲೇಮಿಗೆ ಮಾತ್ರ. ಪಾಲಿಸಿ ಮಗನ ಹೆಸರಿನಲ್ಲಿದ್ದರೂ ಅಮ್ಮನ ಹಳೆಯ ಫೈಲ್ ಮಗನದಾಗುವುದಿಲ್ಲ. ಇಷ್ಟು ಹೇಳಿದ ಮೇಲೂ "ಸರಿ ಸಾರ್, ಆದ್ರೆ ಕಟ್ಟಿದ್ದು ನಾನೇ ಅಲ್ವಾ?" ಎಂದು ಮೊದಲಿಗೇ ಮರಳುತ್ತಾರೆ.

ಹಿಂದೆ ಒಂದು ಆಸ್ಪತ್ರೆಯಲ್ಲಿದ್ದಾಗ ನಾನೇ ಈ ತಪ್ಪು ಮಾಡಿದ್ದೇನೆ. ಆಗ ಕೆಲಸಕ್ಕೆ ಹೊಸಬ. ಹತ್ತೊಂಬತ್ತರ ಹುಡುಗಿಯೊಬ್ಬಳು ಕ್ಷಯಕ್ಕೆಂದು ದಾಖಲಾಗಿ, ಆರು ತಿಂಗಳ ಔಷಧಿ ಮುಗಿಸಿ, ಪೂರ್ತಿ ಗುಣವಾಗಿದ್ದಳು. ವರ್ಷ ಕಳೆದು ಅವಳ ಸೋದರಮಾವ ಬಂದರು. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ಮನೆತನ, ಮಾವನೇ ಯಜಮಾನ, ಖರ್ಚೆಲ್ಲ ಅವರದೇ. ತುಳುನಾಡಿನಲ್ಲಿ ಬೆಳೆದ ನನಗೆ ಅವರಿಂದ ಪತ್ರ ಕೇಳುವುದೇ ಅವಮರ್ಯಾದೆ ಅನ್ನಿಸಿತು. ಡಿಸ್ಚಾರ್ಜ್ ಸಮ್ಮರಿಯ ಪ್ರತಿ ಕೊಟ್ಟೆ. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಗಂಡಿನ ಕಡೆಯವರ ಹತ್ತಿರ ಮುಚ್ಚುಮರೆ ಬೇಡ ಎಂದು ಅದನ್ನು ತೋರಿಸಿದರು. ಸಂಬಂಧ ಮುರಿಯಿತು. ಹುಡುಗಿ ತಾಯಿಯ ಜೊತೆ ಬಂದು ಕೇಳಿದ್ದು ಒಂದೇ ಮಾತು: "ನನ್ನನ್ನು ಒಂದು ಸಲ ಕೇಳಬಹುದಿತ್ತಲ್ಲಾ?" ಉತ್ತರ ಕೊಡಲು ನನ್ನಿಂದ ಆಗಲಿಲ್ಲ.

ಕ್ಷಯ 2012ರಿಂದ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ. ಆ ಮಾಹಿತಿ ಆರೋಗ್ಯ ಇಲಾಖೆಗೆ ಹೋಗಬೇಕು, ಮನೆಯ ಯಜಮಾನರಿಗಲ್ಲ. ವೈದ್ಯರ ವೃತ್ತಿ ನಿಯಮಾವಳಿ, ಅಂದರೆ 2002ರದು, ರೋಗಿಯ ಗುಟ್ಟನ್ನು ಹೊರಹಾಕಲು ಕೆಲವೇ ಸಂದರ್ಭಗಳಲ್ಲಿ ಅವಕಾಶ ಕೊಡುತ್ತದೆ: ನ್ಯಾಯಾಧೀಶರ ಆದೇಶ, ನಿರ್ದಿಷ್ಟ ವ್ಯಕ್ತಿಗೋ ಸಮುದಾಯಕ್ಕೋ ಗಂಭೀರ ಅಪಾಯ, ಹೀಗೆ ವರದಿ ಮಾಡಬೇಕಾದ ರೋಗ. ಎಚ್‌ಐವಿ ಮತ್ತು ಮಾನಸಿಕ ಕಾಯಿಲೆಗಳಿಗೆ 2017ರ ಎರಡು ಪ್ರತ್ಯೇಕ ಕಾಯ್ದೆಗಳ ರಕ್ಷಣೆಯೂ ಇದೆ. ರೋಗಿ ಮಗುವಾಗಿದ್ದರೆ, ಪ್ರಜ್ಞೆ ಇಲ್ಲದಿದ್ದರೆ, ತೀರಿಕೊಂಡಿದ್ದರೆ ಲೆಕ್ಕ ಬೇರೆ. ಅಂಥಲ್ಲಿ ಪ್ರತಿಯೊಂದನ್ನೂ ಬಿಡಿಯಾಗಿ ನೋಡಬೇಕಾಗುತ್ತದೆ, ಇಲ್ಲಿ ಒಂದೇ ಉತ್ತರ ಕೊಡಲಾರೆ.

ರೋಗಿ ತಾನೇ ಕೇಳಿದರೆ ಆಸ್ಪತ್ರೆ ಸತಾಯಿಸುವಂತಿಲ್ಲ. ಅದೇ ನಿಯಮಾವಳಿಯ ಪ್ರಕಾರ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಬರಲಾಗದಿದ್ದರೆ ಒಂದು ಹಾಳೆ ಸಾಕು. ಯಾರಿಗೆ ಕೊಡಬೇಕು, ಯಾವ ದಿನಾಂಕದ ದಾಖಲಾತಿಯ ಪ್ರತಿ, ಯಾತಕ್ಕೆ, ಆಸ್ಪತ್ರೆ ರೋಗಿಗೆ ಕೊಟ್ಟ ನಂಬರ್, ರೋಗಿಯ ಸಹಿ. ಜೊತೆಗೆ ಇಬ್ಬರ ಗುರುತಿನ ಚೀಟಿಯ ನಕಲು. "ನನ್ನ ಎಲ್ಲಾ ದಾಖಲೆ ಕೊಡಿ" ಎಂದು ಮಾತ್ರ ಬರೆಯಬೇಡಿ. ಮೊಣಕಾಲಿನ ಕ್ಲೇಮಿಗೆ ಮೊಣಕಾಲಿನ ಕಾಗದ ಸಾಕು. ಇನ್ನೊಂದು, ಒಳರೋಗಿಯ ಕಡತವನ್ನು ಚಿಕಿತ್ಸೆ ಶುರುವಾದಲ್ಲಿಂದ ಕನಿಷ್ಠ ಮೂರು ವರ್ಷ ಇಡಬೇಕೆಂದು ನಿಯಮ. ಆಮೇಲೆ ಸಿಗುತ್ತದೆಂಬ ಖಾತ್ರಿ ಇಲ್ಲ, ನಿಮ್ಮ ಪ್ರತಿಯನ್ನು ನೀವೇ ಜೋಪಾನ ಮಾಡಿ.

ಈಗ ಕಿಟಕಿಗೆ ಬರದೆಯೂ ಫೈಲ್ ಕೈ ಸೇರುತ್ತದೆ. ನೋಂದಣಿ ಕೌಂಟರಿನಲ್ಲಿ "ಮೊಬೈಲ್ ನಂಬರ್?" ಎಂದು ಕೇಳಿದಾಗ ಪಕ್ಕದಲ್ಲಿ ನಿಂತ ಅಣ್ಣನೋ ಬಾವನೋ ತಮ್ಮದನ್ನು ಹೇಳಿಬಿಡುತ್ತಾರೆ. ಅಲ್ಲಿಂದ ಮುಂದೆ ಲ್ಯಾಬ್ ವರದಿಯ ಲಿಂಕು, ಅಪಾಯಿಂಟ್‌ಮೆಂಟಿನ ಮೆಸೇಜು, ಒಟಿಪಿ ಎಲ್ಲ ಅವರ ಫೋನಿಗೆ. ದುಬೈಯಲ್ಲಿರುವ ಅಣ್ಣನಿಗೆ ತಂಗಿಯ ವರದಿ ಅವಳಿಗಿಂತ ಮೊದಲೇ ಗೊತ್ತಾಗುತ್ತದೆ, ಸಂಜೆಯೊಳಗೆ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಅದರ ಫೋಟೋ. ಆರೋಗ್ಯ ದಾಖಲೆಗಳನ್ನು ಆನ್‌ಲೈನಿನಲ್ಲಿ ಜೋಡಿಸಲು ಸರ್ಕಾರ ಕೊಡುವ ಹದಿನಾಲ್ಕು ಅಂಕಿಯ ಆಭಾ ನಂಬರಿನಲ್ಲೂ ಹೀಗೆಯೇ. ಅಲ್ಲಿ ಯಾರು ಕೇಳುತ್ತಿದ್ದಾರೆ, ಯಾತಕ್ಕೆ, ಎಷ್ಟು ದಿನಕ್ಕೆ ಎಂದು ನೋಡಿ ಒಪ್ಪಲು, ಒಪ್ಪಿದ್ದನ್ನು ಹಿಂದೆಗೆಯಲು ವ್ಯವಸ್ಥೆ ಇದೆ. ಆದರೆ ಒಪ್ಪಿಗೆ ಕೇಳುವ ಫೋನು ಬೇರೆಯವರ ಜೇಬಿನಲ್ಲಿದ್ದರೆ ಒಪ್ಪುವವರೂ ಅವರೇ.

ಕಳೆದ ತಿಂಗಳು ಉಳ್ಳಾಲದ ಕಡೆಯ ಹೆಂಗಸೊಬ್ಬರು ಬಂದರು, ಅರುವತ್ತರ ಮೇಲಿರಬಹುದು. ಫೈಲ್ ಕೇಳಲಿಕ್ಕೆ ಬಂದವರಲ್ಲ. "ನನ್ನ ಕಾರ್ಡಿನಲ್ಲಿ ಅಳಿಯನ ನಂಬರ್ ಉಂಟು, ಅದು ತೆಗೆದು ನಂದು ಹಾಕಿ" ಎಂದರು. ಅವರದು ಬಟನ್ ಫೋನು, ಲಿಂಕು ತೆರೆಯುವುದಿಲ್ಲ. ಹಾಗೆಂದು ಹೇಳಿದೆ. "ಬೇಡ, ಕಾಗದ ನಾನೇ ಬಂದು ತಕ್ಕೊಂಡು ಹೋಗ್ತೇನೆ" ಎಂದರು. ಗುರುತಿನ ಚೀಟಿ ನೋಡಿ ನಂಬರ್ ಬದಲಿಸಲು ಐದು ನಿಮಿಷವೂ ಹಿಡಿಯಲಿಲ್ಲ.